ಕಾಳ್ಗಿಚ್ಚು, ವಣವಾ, ತರಗುಬೆಂಕಿ: ಕೊಲ್ಹಾಪುರದ ಸಹ್ಯಾದ್ರಿಯಲ್ಲಿ ಮಳೆ ಮತ್ತು ಬೆಂಕಿಯ ಸಂಬಂಧ

ಫಾಲ್ಗುಣದ ಒಂದು ಸಂಜೆ ಗಡಹಿಂಗ್ಲಜದಿಂದ ಆಜರಾ ಕಡೆಗೆ ಹೊರಟ ಬಸ್ಸಿನಲ್ಲಿ ಕುಳಿತಿದ್ದಾಗ, ದೂರದ ಗುಡ್ಡದ ಓರೆಯಲ್ಲಿ ಬೆಂಕಿಯ ಸಾಲೊಂದು ನಿಧಾನವಾಗಿ ಮೇಲೇರುತ್ತಿರುವುದು ಕಾಣಿಸಿತು. ಮುಂದಿನ ಆಸನದವರು ‘ವಣವಾ’ ಎಂದರು. ಪಕ್ಕದಲ್ಲಿದ್ದ ವೃದ್ಧೆಯೊಬ್ಬರು ‘ಗುಡ್ಡಕ್ಕ ಕಿಚ್ಚ ಬಿದ್ದೈತಿ’ ಎಂದರು. ಬಸ್ಸಿನಲ್ಲಿ ಯಾರಿಗೂ ಅದರಿಂದ ಆಶ್ಚರ್ಯವಾದಂತೆ ತೋರಲಿಲ್ಲ. ಪ್ರತಿವರ್ಷ ಕಾಣುವ ದೃಶ್ಯವದು. ಆದರೆ ಆ ಬೆಂಕಿ ಅಲ್ಲಿ ಏಕೆ ಹತ್ತುತ್ತದೆ, ಅದೇ ವೇಳೆಗೆ ಇಚಲಕರಂಜಿಯ ಬಯಲಿನಲ್ಲಾಗಲಿ ಗಗನಬಾವಡಾದ ದಟ್ಟ ಕಾಡಿನ ಒಡಲಿನಲ್ಲಾಗಲಿ ಅಂಥದೇ ಬೆಂಕಿ ಏಕೆ ಕಾಣುವುದಿಲ್ಲ, ಅದರಿಂದ ಕಾಡು ಕೆಡುತ್ತದೆಯೋ ಉಳಿಯುತ್ತದೆಯೋ ಎಂಬ ಪ್ರಶ್ನೆಗಳಿಗೆ ಉತ್ತರ ಅಷ್ಟು ಸರಳವಲ್ಲ. ಹವಾಮಾನ, ಬೆಂಕಿ ಮತ್ತು ಕಾಡು ಈ ಮೂರರ ಸಂಬಂಧವನ್ನು ಕೊಲ್ಹಾಪುರ ಜಿಲ್ಲೆಯ ನೆಲೆಯಲ್ಲಿ ವಿವರಿಸುವುದು, ಆ ಸಂಬಂಧವನ್ನು ಅರಿಯಲು ಗಡಿನಾಡಿನ ಎರಡು ಭಾಷೆಗಳ ಶಬ್ದಸಂಪತ್ತು ಯಾವ ರೀತಿ ನೆರವಾಗಬಲ್ಲದು ಎಂಬುದನ್ನು ಸೂಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಉತ್ತರದ ಕಾಡು, ನಮ್ಮ ಕಾಡು

ಕಾಡಿನ ಬೆಂಕಿಯನ್ನು ಕುರಿತ ಆಧುನಿಕ ವಿಜ್ಞಾನದ ಬಹುಭಾಗ ಬೆಳೆದದ್ದು ಉತ್ತರ ಅಮೆರಿಕ ಮತ್ತು ಯುರೋಪುಗಳ ಶೀತವಲಯದಲ್ಲಿ. ಕೆನಡಾ, ಅಲಾಸ್ಕಾ, ಸ್ಕ್ಯಾಂಡಿನೇವಿಯಾ, ಸೈಬೀರಿಯಾಗಳ ಮೇಲೆ ಪಟ್ಟಿಯಂತೆ ಹಬ್ಬಿರುವ ಸೂಚಿಪರ್ಣಿ ಕಾಡುಗಳಲ್ಲಿ ಸಿಡಿಲಿನಿಂದಲೂ ಬೆಂಕಿ ಹುಟ್ಟುತ್ತದೆ. ಅಲ್ಲಿನ ಮರಗಳ ಎಲೆಗಳಲ್ಲಿ ರಾಳದ ಅಂಶ ಹೆಚ್ಚು. ಆದಕಾರಣ ಬೆಂಕಿ ನೆಲದಿಂದ ಕೊಂಬೆಗೂ ಕೊಂಬೆಯಿಂದ ನೆತ್ತಿಗೂ ಏರಿ ಇಡೀ ಮರವನ್ನೇ ನುಂಗುತ್ತದೆ. ಒಂದೇ ಸ್ಥಳದಲ್ಲಿ ಮತ್ತೆ ಅಂಥ ಬೆಂಕಿ ಬರಲು ಹಲವು ದಶಕಗಳು, ಕೆಲವೆಡೆ ಶತಮಾನಗಳೇ ಹಿಡಿಯುತ್ತವೆ. ಜ್ಯಾಕ್ ಪೈನ್ ಎಂಬ ಮರದ ಬೀಜಕೋಶಗಳು ರಾಳದಿಂದ ಮುಚ್ಚಿಕೊಂಡಿದ್ದು, ಬೆಂಕಿಯ ಕಾವು ತಾಗಿದಾಗಲೇ ಬಾಯಿ ತೆರೆಯುತ್ತವೆ. ಹಳೆಯ ಕಾಡು ಸುಟ್ಟ ಬೂದಿಯ ಮೇಲೆ ಹೊಸ ಕಾಡು ಮೊಳೆಯುತ್ತದೆ. ಸರೋವರಗಳ ತಳದ ಕೆಸರಿನಲ್ಲಿ ಪದರಪದರವಾಗಿ ಕುಳಿತ ಇದ್ದಿಲಿನ ಕಣಗಳನ್ನೂ ಮರದ ಬೆಳವಣಿಗೆಯ ಉಂಗುರಗಳಲ್ಲಿ ಉಳಿದ ಸುಟ್ಟ ಗಾಯಗಳನ್ನೂ ಓದಿ ವಿಜ್ಞಾನಿಗಳು ಸಾವಿರಾರು ವರ್ಷಗಳ ಬೆಂಕಿಯ ಚರಿತ್ರೆಯನ್ನು ಅಲ್ಲಿ ಬರೆದಿದ್ದಾರೆ. ಈಗ ಹವಾಮಾನ ಬಿಸಿಯಾಗುತ್ತಿರುವುದರಿಂದ ಆ ಲಯ ತಪ್ಪಿದೆ. 2023ರಲ್ಲಿ ಕೆನಡಾದಲ್ಲಿ ಸುಮಾರು 1.5 ಕೋಟಿ ಹೆಕ್ಟೇರ್ ಪ್ರದೇಶ ಸುಟ್ಟುಹೋಯಿತು. ನೆಲದೊಳಗಿನ ಸಸ್ಯಜನ್ಯ ಪದರಕ್ಕೆ ಹತ್ತಿದ ಬೆಂಕಿ ಹಿಮದ ಅಡಿಯಲ್ಲಿಯೇ ಚಳಿಗಾಲವನ್ನು ಕಳೆದು ವಸಂತದಲ್ಲಿ ಮತ್ತೆ ಮೇಲೇಳುವುದೂ ಉಂಟು.

ವಾರ್ತಾಚಿತ್ರಗಳ ಮೂಲಕ ನಮ್ಮ ಮನಸ್ಸಿನಲ್ಲಿ ನೆಲೆಗೊಂಡಿರುವ ‘ಕಾಡ್ಗಿಚ್ಚು’ ಬಹುಮಟ್ಟಿಗೆ ಈ ಉತ್ತರದ ಬೆಂಕಿಯೇ. ಸಹ್ಯಾದ್ರಿಯ ಬೆಂಕಿ ಬೇರೆ ಜಾತಿಯದು. ಇಲ್ಲಿ ಗುಡುಗು ಸಿಡಿಲುಗಳು ಏಪ್ರಿಲ್–ಮೇ ತಿಂಗಳ ಅಡ್ಡಮಳೆಯ ಜೊತೆಗೇ ಬರುವುದರಿಂದ ಸಿಡಿಲಿನ ಕಿಡಿ ಬಹುಪಾಲು ಅಲ್ಲಿಯೇ ನಂದುತ್ತದೆ. ಬೆಂಕಿ ಹತ್ತುವುದು ಹೆಚ್ಚಾಗಿ ಮನುಷ್ಯರ ಕೈಯಿಂದ. ಅದು ಮರವನ್ನೇರುವುದು ವಿರಳ. ನೆಲದ ಮೇಲಿನ ಒಣಹುಲ್ಲು ಮತ್ತು ತರಗೆಲೆಗಳನ್ನು ಮೊಣಕಾಲೆತ್ತರ, ಸೊಂಟದೆತ್ತರದ ಜ್ವಾಲೆಯಲ್ಲಿ ಸುಡುತ್ತಾ ಸಾಗುತ್ತದೆ. ಶತಮಾನಕ್ಕೊಮ್ಮೆ ಬರುವ ಮಹಾಬೆಂಕಿಯ ಬದಲು ವರ್ಷವರ್ಷವೂ ಬರಬಹುದಾದ ಸಣ್ಣ ಬೆಂಕಿ ಇದು. ಆದ್ದರಿಂದ ಅಲ್ಲಿನ ಸಿದ್ಧಾಂತವನ್ನು ಇಲ್ಲಿಗೆ ಹಾಗೆಯೇ ತರಲಾಗದು. ಅಲ್ಲಿ ಕೇಳಿದ ಪ್ರಶ್ನೆಗಳನ್ನು ಮಾತ್ರ ಇಲ್ಲಿಯೂ ಕೇಳಬಹುದು.

ಮಳೆಯ ಮೆಟ್ಟಿಲುಗಳು

ಕೊಲ್ಹಾಪುರ ಜಿಲ್ಲೆ ಈ ಪ್ರಶ್ನೆಗಳಿಗೆ ಹೇಳಿ ಮಾಡಿಸಿದ ಪ್ರಯೋಗಶಾಲೆಯಂತಿದೆ. ಪೂರ್ವದ ಶಿರೋಳ, ಇಚಲಕರಂಜಿಗಳ ಸುತ್ತ ವರ್ಷಕ್ಕೆ ಸುಮಾರು 500–600 ಮಿಲಿಮೀಟರ್ ಮಳೆಯಾದರೆ, ಪಶ್ಚಿಮದ ಗಗನಬಾವಡಾದಲ್ಲಿ ಅದು 5000 ಮಿಲಿಮೀಟರನ್ನೂ ಮೀರುತ್ತದೆ. ಈ ಎರಡು ಊರುಗಳ ನಡುವಿನ ದಾರಿ ನೂರು ಕಿಲೋಮೀಟರ್ ಕೂಡ ಇಲ್ಲ. ಮಳೆಯ ಪ್ರಮಾಣದಲ್ಲಿ ಇಷ್ಟು ವ್ಯತ್ಯಾಸವಿದ್ದರೂ ಒಂದು ಸಂಗತಿ ಎಲ್ಲೆಡೆ ಸಮಾನ: ಮಳೆಯ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಬಿದ್ದುಹೋಗುತ್ತದೆ, ಉಳಿದ ತಿಂಗಳುಗಳು ಬಹುಮಟ್ಟಿಗೆ ಒಣಕಾಲ.

ಬೆಂಕಿಗೆ ಎರಡು ಸಂಗತಿಗಳು ಬೇಕು. ಒಂದು, ಸುಡಲು ಸಾಕಷ್ಟು ಉರುವಲು. ಇನ್ನೊಂದು, ಆ ಉರುವಲು ಒಣಗಲು ಸಾಕಷ್ಟು ಕಾಲ. ಮಳೆ ತೀರ ಕಡಿಮೆಯಿರುವಲ್ಲಿ ಒಣಗಲು ಕಾಲವಿದ್ದರೂ ಹುಲ್ಲು ವಿರಳವಾಗಿ ಬೆಳೆಯುವುದರಿಂದ ಬೆಂಕಿ ಒಂದು ಪೊದೆಯಿಂದ ಇನ್ನೊಂದಕ್ಕೆ ದಾಟಲಾರದು. ಮಳೆ ತೀರ ಹೆಚ್ಚಿರುವ ನಿತ್ಯಹರಿದ್ವರ್ಣ ಕಾಡಿನಲ್ಲಿ ಉರುವಲು ಹೇರಳವಾಗಿದ್ದರೂ ಮೇಲ್ಛಾವಣಿಯ ನೆರಳಿನಲ್ಲಿ ನೆಲ ಬೇಸಗೆಯಲ್ಲಿಯೂ ತೇವವಾಗಿಯೇ ಇರುತ್ತದೆ. ಇವೆರಡರ ನಡುವಣ ಪಟ್ಟಿಯೇ ಬೆಂಕಿಯ ನಿಜವಾದ ನೆಲೆ. ಮಳೆಗಾಲದಲ್ಲಿ ಆಳೆತ್ತರ ಹುಲ್ಲು ಬೆಳೆಯುವಷ್ಟು ನೀರು, ಬೇಸಗೆಯಲ್ಲಿ ಅದನ್ನು ಕಾಗದದಂತೆ ಒಣಗಿಸುವಷ್ಟು ಬಿಸಿಲು ಅಲ್ಲಿ ಎರಡೂ ಇವೆ. ಗಡಹಿಂಗ್ಲಜದ ಪಶ್ಚಿಮದ ಗುಡ್ಡಗಳು, ಆಜರಾ ಮತ್ತು ಚಂದಗಡದ ಎಲೆಯುದುರುವ ಕಾಡುಗಳು, ಪನ್ಹಾಳಾ–ಶಾಹುವಾಡಿಗಳ ಇಳಿಜಾರುಗಳು ಸ್ಥೂಲವಾಗಿ ಈ ಪಟ್ಟಿಯಲ್ಲಿ ಬರುತ್ತವೆ. ಇಚಲಕರಂಜಿಯ ಬಯಲಿನಲ್ಲಂತೂ ಕಾಡಿನ ಬೆಂಕಿಗೆ ಕಾಡೇ ಉಳಿದಿಲ್ಲ. ಅಲ್ಲಿ ಸುಡುವುದು ಕಬ್ಬಿನ ರವದಿ. ಮರಾಠಿಯಲ್ಲಿ ಅದಕ್ಕೆ ‘ಪಾಚಟ’ ಎನ್ನುತ್ತಾರೆ. ಕಟಾವು ಮುಗಿದ ಗದ್ದೆಯಲ್ಲಿ ರವದಿಗೆ ಹಚ್ಚಿದ ಬೆಂಕಿ ಗುಡ್ಡದಂಚಿನ ಊರುಗಳಲ್ಲಿ ಬದು ದಾಟಿ ಹುಲ್ಲಿಗೆ ಹತ್ತುವುದು ಕಾಡಿನ ಬೆಂಕಿಯ ಕಾರಣಗಳಲ್ಲಿ ಒಂದು. ದನಗಳಿಗೆ ಎಳೆಹುಲ್ಲು ಚಿಗುರಲೆಂದು ಹಚ್ಚುವುದು, ಬೀಡಿ ಸಿಗರೇಟಿನ ಕಿಡಿ, ಪ್ರವಾಸಿಗರ ಒಲೆ ಇವು ಉಳಿದ ಕಾರಣಗಳು.

ಬೆಂಕಿ ಏನನ್ನು ಉಳಿಸುತ್ತದೆ, ಏನನ್ನು ಅಳಿಸುತ್ತದೆ

ಹುಲ್ಲಿನ ಬೆಂಕಿ ವೇಗವಾಗಿ ಹಾದುಹೋಗುವುದರಿಂದ ಅದರ ಕಾವು ಮಣ್ಣಿನೊಳಗೆ ಕೆಲವೇ ಅಂಗುಲಗಳಷ್ಟು ಮಾತ್ರ ಇಳಿಯುತ್ತದೆ. ಗುಡ್ಡದ ಕರಡ ಹುಲ್ಲಿನ ಚಿಗುರುವ ಮೊಗ್ಗುಗಳು ಮಣ್ಣಿನ ಮಟ್ಟದಲ್ಲಿಯೋ ಅದರ ಕೆಳಗೋ ಇರುವುದರಿಂದ ಹುಲ್ಲು ಸಾಯುವುದಿಲ್ಲ. ಮತ್ತಿಯ ಮರಕ್ಕೆ ಮೊಸಳೆಯ ಬೆನ್ನಿನಂತೆ ಒಡೆದ ದಪ್ಪ ತೊಗಟೆಯಿದೆ. ಬೆಳೆದ ಮತ್ತಿಯನ್ನು ನೆಲದ ಬೆಂಕಿ ಸುಲಭವಾಗಿ ಕೊಲ್ಲಲಾರದು. ನೆಲ್ಲಿ, ತೇಗಗಳ ಎಳೆಗಿಡಗಳು ಮೇಲ್ಭಾಗ ಸುಟ್ಟರೂ ಬೇರಿನಿಂದ ಮತ್ತೆ ಚಿಗುರಬಲ್ಲವು. ಇವು ಬೆಂಕಿಯೊಡನೆ ಬಾಳಲು ಕಲಿತ ಸಸ್ಯಗಳು.

ರಾಧಾನಗರಿಯ ಕಾಡಿನ ಸ್ವಭಾವ ಬೇರೆ. ಕೊಲ್ಹಾಪುರ ಸಂಸ್ಥಾನದ ಮಹಾರಾಜರ ಬೇಟೆಯ ಕಾಡಾಗಿದ್ದ ದಾಜೀಪುರ 1958ರಲ್ಲಿ ಕಾಡುಕೋಣಗಳ ಅಭಯಾರಣ್ಯವಾಯಿತು. ಮುಂದೆ ವಿಸ್ತಾರಗೊಂಡು ಸುಮಾರು 351 ಚದರ ಕಿಲೋಮೀಟರ್‌ಗಳ ರಾಧಾನಗರಿ ಅಭಯಾರಣ್ಯವಾಯಿತು. 2012ರಲ್ಲಿ ಯುನೆಸ್ಕೋ ಪಶ್ಚಿಮಘಟ್ಟವನ್ನು ವಿಶ್ವಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿದಾಗ ಇದೂ ಅದರ ಒಂದು ಘಟಕವಾಯಿತು. ಇಲ್ಲಿನ ಎತ್ತರದ ನೆಲೆಗಳಲ್ಲಿ ಅಂಜನಿ, ನೇರಳೆ, ಪಿಸಾ ಮುಂತಾದ ಹಸುರು ಮಾಸದ ಮರಗಳು ಒತ್ತಾಗಿ ಬೆಳೆದಿವೆ. ಇಂಥ ಕಾಡಿನ ಎಳೆಗಿಡಗಳು ಬೆಂಕಿಗೆ ಒಗ್ಗಿದವಲ್ಲ. ಇಂಥ ಕಾಡನ್ನು ಕಾಪಾಡುತ್ತಿರುವುದು ಅದರದೇ ನೆರಳು. ಮರ ಕಡಿದೋ ರಸ್ತೆ ಅಗೆದೋ ಗಣಿಗಾರಿಕೆಯಿಂದಲೋ ಛಾವಣಿ ಒಂದೆಡೆ ತೆರೆಯಿತೆಂದರೆ ಬಿಸಿಲು ನೆಲಕ್ಕಿಳಿಯುತ್ತದೆ, ಹುಲ್ಲು ಒಳನುಗ್ಗುತ್ತದೆ, ಮರುವರ್ಷದ ಬೆಂಕಿಗೆ ದಾರಿಯಾಗುತ್ತದೆ. ಬೆಂಕಿ ಅಂಚಿನ ಗಿಡಗಳನ್ನು ಕೊಂದು ತೆರಪನ್ನು ಇನ್ನಷ್ಟು ಅಗಲಿಸುತ್ತದೆ. ಹೀಗೆ ಕಾಡು ಅಂಚಿನಿಂದ ಒಳಕ್ಕೆ ಸವೆಯುತ್ತಾ ಹೋಗುತ್ತದೆ.

ಈ ಚಕ್ರಕ್ಕೆ ಹೊಸ ಉರುವಲು ಒದಗಿಸುತ್ತಿರುವುದು ಹೊರನಾಡಿನಿಂದ ಬಂದ ಕಳೆಗಳು. ಅಮೆರಿಕ ಖಂಡದ ಉಷ್ಣವಲಯದ ಮೂಲದ ಕ್ರೋಮೊಲೀನಾ ಗಿಡವನ್ನು ಇಲ್ಲಿನ ಮರಾಠಿ ಜನ ‘ರಾನಮೋಡಿ’ ಎಂದು ಕರೆಯುತ್ತಾರೆ. ಕಾಡನ್ನು ಮುರಿಯುವುದು ಎಂದು ಅದರ ಅರ್ಥ. ಬೇಸಗೆಯಲ್ಲಿ ಅದರ ಕಡ್ಡಿಗಳು ಒಣಗಿ ನಿಲ್ಲುತ್ತವೆ, ಸುಟ್ಟಮೇಲೆ ಬುಡದಿಂದ ಚಿಗುರಿ ತೆರವಾದ ನೆಲವನ್ನೆಲ್ಲ ಆಕ್ರಮಿಸುತ್ತವೆ. ಸಸ್ಯವಿಜ್ಞಾನಿ ಒಂದು ಪುಟದಲ್ಲಿ ವಿವರಿಸುವುದನ್ನು ಜನಭಾಷೆ ಇಲ್ಲಿ ಒಂದು ಶಬ್ದದಲ್ಲಿ ಹೇಳಿದೆ.

ಬೆಂಕಿ ಬೀಳುವ ಕಾಲವೂ ಅಷ್ಟೇ ಮುಖ್ಯ. ಜನವರಿಯಲ್ಲಿ ಇಬ್ಬನಿಯ ತೇವ ಇನ್ನೂ ಇರುವುದರಿಂದ ಬೆಂಕಿ ತುಂಡುತುಂಡಾಗಿ ಹಬ್ಬಿ ಬೇಗ ನಂದುತ್ತದೆ. ನಡುನಡುವೆ ಸುಡದೆ ಉಳಿದ ಪಟ್ಟಿಗಳು ಹುಳುಹುಪ್ಪಟೆ ಹಕ್ಕಿಗಳಿಗೆ ಆಶ್ರಯವಾಗುತ್ತವೆ. ಅದೇ ಬೆಂಕಿ ಏಪ್ರಿಲ್ ಕೊನೆಗೆ ಬಿದ್ದರೆ ಎಲ್ಲವೂ ಒಣಗಿರುವುದರಿಂದ ಹೆಚ್ಚು ಕಾವಿನಲ್ಲಿ ಇಡೀ ಗುಡ್ಡವನ್ನು ಬೋಳಾಗಿಸುತ್ತದೆ. ಅದು ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳು ಮೊಟ್ಟೆಯಿಡುವ ಕಾಲವೂ ಹೌದು. ಕೆಲವೇ ವಾರಗಳಲ್ಲಿ ಮುಂಗಾರು ಬಂದು ಬೋಳು ಮಣ್ಣನ್ನೂ ಬೂದಿಯನ್ನೂ ಹಳ್ಳಕ್ಕೆ ಕೊಚ್ಚುತ್ತದೆ.

ಹುಲ್ಲುಗಾವಲು ಹಾಳಾದ ಕಾಡೇ?

ಇಲ್ಲಿ ಒಂದು ಹಳೆಯ ವಾದವನ್ನು ಪರಿಶೀಲಿಸಬೇಕು. ಬಯಲುಸೀಮೆಯ ಹುಲ್ಲುಗಾವಲುಗಳೆಲ್ಲ ಮನುಷ್ಯ ಕಡಿದು, ಸುಟ್ಟು ಹಾಳುಮಾಡಿದ ಕಾಡುಗಳೇ ಎಂಬ ನಂಬಿಕೆ ವಸಾಹತುಕಾಲದ ಅರಣ್ಯಾಡಳಿತದಿಂದ ಬಂದು ಇಂದಿಗೂ ಉಳಿದಿದೆ. ಸರಕಾರಿ ದಾಖಲೆಗಳಲ್ಲಿ ಹುಲ್ಲುಗಾವಲು ‘ಬಂಜರು’ ಎಂದು ನಮೂದಾಗುವುದು, ಅಲ್ಲಿ ಗಿಡ ನೆಡುವುದು ಪುಣ್ಯಕಾರ್ಯವಾಗುವುದು ಈ ನಂಬಿಕೆಯ ಫಲ. ಆದರೆ ನೀಲಗಿರಿಯ ಜೌಗುಮಣ್ಣಿನಲ್ಲಿ ಅಡಗಿದ ಇಂಗಾಲದ ಸಮಸ್ಥಾನಿಗಳನ್ನು ಅಳೆದು ಆರ್. ಸುಕುಮಾರ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಅಧ್ಯಯನ, ಹವಾಮಾನ ಬದಲಾದಂತೆ ಅಲ್ಲಿ ಹುಲ್ಲು ಮತ್ತು ಮರಗಳ ಪಾಲು ಸಹಸ್ರಾರು ವರ್ಷಗಳಿಂದ ಹಿಂದುಮುಂದಾಗಿರುವುದನ್ನು ತೋರಿಸಿತು. ಮನುಷ್ಯನ ಕೊಡಲಿಗಿಂತ ಹಳೆಯದಾದ ಹುಲ್ಲುಗಾವಲೂ ಇರಬಲ್ಲದು ಎಂದಾಯಿತು.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇನ್ನೂ ಸಮೀಪದ ನಿದರ್ಶನವೊಂದಿದೆ. ಅಶೀಶ್ ನೆರ್ಲೇಕರ್ ಮತ್ತು ದಿಗ್ವಿಜಯ ಪಾಟೀಲ ಎಂಬ ಸಂಶೋಧಕರು ಇತ್ತೀಚೆಗೆ ಮರಾಠಿಯ ಸಂತಚರಿತ್ರೆಗಳು, ಕಾವ್ಯಗಳು, ಜಾನಪದ ಓವಿಗಳಲ್ಲಿ ಬರುವ ಗಿಡಮರಗಳ ಉಲ್ಲೇಖಗಳನ್ನು ಒಟ್ಟುಮಾಡಿ ಪರಿಶೀಲಿಸಿದರು. ಅವುಗಳಲ್ಲಿ ಬಹುಪಾಲು ಬಿಸಿಲು ಬಯಸುವ, ಮರ ವಿರಳವಾದ ಹುಲ್ಲುನೆಲದ ಸಸ್ಯಗಳೇ ಆಗಿದ್ದವು. ಪಶ್ಚಿಮ ಮಹಾರಾಷ್ಟ್ರದ ಹುಲ್ಲುಬಯಲುಗಳು ಕನಿಷ್ಠ 750 ವರ್ಷಗಳಿಂದ ಹುಲ್ಲುಬಯಲುಗಳಾಗಿಯೇ ಇವೆಯೆಂಬ ನಿರ್ಣಯಕ್ಕೆ ಅವರು ಬಂದರು. ಮರಾಠಿಗೆ ಸಾಧ್ಯವಾದದ್ದು ಕನ್ನಡಕ್ಕೂ ಸಾಧ್ಯ. ಶಿಲಾಹಾರರ ಕಾಲದ ಕನ್ನಡ ಶಾಸನಗಳು ಕೊಲ್ಹಾಪುರದಲ್ಲಿಯೇ ಇವೆ. ದಾನಭೂಮಿಯ ಎಲ್ಲೆಗಳನ್ನು ಹೇಳುವಾಗ ಶಾಸನಗಳು ಮರ, ಹಳ್ಳ, ಕಲ್ಲುಗಳನ್ನು ಗುರುತಿಸುವುದು ವಾಡಿಕೆ. ಅವನ್ನು ಸಸ್ಯವಿಜ್ಞಾನಿಯ ಜೊತೆ ಕುಳಿತು ಓದುವ ಕೆಲಸಕ್ಕೆ ಗಡಿನಾಡಿನ ಸಂಶೋಧಕರೇ ಯೋಗ್ಯರು.

ಬೆಂಕಿಯ ಹೆಸರುಗಳು

ನಮ್ಮ ಕಾವ್ಯಪರಂಪರೆಯಲ್ಲಿ ಕಾಡಿನ ಬೆಂಕಿಯೆಂದರೆ ಮೊದಲು ನೆನಪಾಗುವುದು ಖಾಂಡವದಹನ. ಪಂಪನಿಂದ ಕುಮಾರವ್ಯಾಸನವರೆಗೆ ಅದು ವೀರರ ಸಾಹಸದ ಪ್ರಸಂಗ. ಮರಾಠಿಯಲ್ಲಿ ಇರಾವತಿ ಕರ್ವೆಯವರು ‘ಯುಗಾಂತ’ದಲ್ಲಿ ಅದೇ ಪ್ರಸಂಗವನ್ನು ಭೂಮಿಗಾಗಿ ಕಾಡನ್ನೂ ಕಾಡಿನವರನ್ನೂ ನಿರ್ಮೂಲಗೊಳಿಸಿದ ಕಥೆಯಾಗಿ ಓದಿದರು. ಎರಡೂ ಓದುಗಳಲ್ಲಿ ಬೆಂಕಿ ಸರ್ವನಾಶಕ. ಕಾಳ್ಗಿಚ್ಚು, ದಾವಾನಲ ಎಂಬ ಶಬ್ದಗಳಲ್ಲಿ ಆ ಅರ್ಥವೇ ತುಂಬಿದೆ.

ಕೃಷಿಕರ ಮತ್ತು ಕಾಡಿನವರ ಮಾತಿನಲ್ಲಿ ಹಾಗಲ್ಲ. ಗುಡ್ಡದ ಕಾಡನ್ನು ಕಡಿದು ಸುಟ್ಟು ಒಂದೆರಡು ವರ್ಷ ಬೆಳೆ ತೆಗೆದು ಬಿಟ್ಟುಬಿಡುವ ‘ಕುಮರಿ’ ಕನ್ನಡದಲ್ಲಿಯೂ ಇದೆ, ಮರಾಠಿಯಲ್ಲಿಯೂ ಇದೆ. ಸಸಿಮಡಿಯ ಮೇಲೆ ಸೊಪ್ಪು, ಸಗಣಿ, ತರಗು ಹರಡಿ ಸುಡುವುದು ಮರಾಠಿಯ ‘ರಾಬ’. ತರಗಿನೊಡನೆ ಮಣ್ಣನ್ನು ಸುಟ್ಟು ಗೊಬ್ಬರ ಮಾಡುವುದು ಕರಾವಳಿ ಮತ್ತು ಕಾಸರಗೋಡಿನ ಕನ್ನಡದಲ್ಲಿ ‘ಸುಡುಮಣ್ಣು’. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಗೆಯ ಆರಂಭದಲ್ಲಿಯೇ ಕಾಡಿನ ನೆಲದ ತರಗೆಲೆಗೆ ಹಚ್ಚುತ್ತಿದ್ದ ಮೆಲ್ಲನೆಯ ಬೆಂಕಿಗೆ ‘ತರಗುಬೆಂಕಿ’ ಎಂದು ಹೆಸರು. ಈ ಶಬ್ದಗಳಲ್ಲಿ ಕಾಲ, ಪ್ರಮಾಣ, ಉದ್ದೇಶ ಮೂರೂ ಅಡಕವಾಗಿವೆ.

ಕಾನೂನಿನ ಭಾಷೆ ಈ ಭೇದಗಳನ್ನು ಒಪ್ಪುವುದಿಲ್ಲ. 1927ರ ಭಾರತೀಯ ಅರಣ್ಯ ಕಾಯಿದೆಯ 26ನೆಯ ಕಲಮಿನ ಪ್ರಕಾರ ಮೀಸಲು ಅರಣ್ಯಕ್ಕೆ ಬೆಂಕಿ ಹಚ್ಚುವುದು ಅಪರಾಧ. ಅದೇ ಕಾಯಿದೆಯ 79ನೆಯ ಕಲಮು ಕಾಡಿನಲ್ಲಿ ಹಕ್ಕು ಪಡೆದವರೆಲ್ಲ ಬೆಂಕಿ ನಂದಿಸಲು ನೆರವಾಗಬೇಕೆಂದು ವಿಧಿಸುತ್ತದೆ. ಹಚ್ಚುವ ತಿಳಿವಳಿಕೆಗೆ ಅಲ್ಲಿ ಸ್ಥಾನವಿಲ್ಲ, ನಂದಿಸುವ ದುಡಿಮೆಗೆ ಮಾತ್ರ ಇದೆ. ಆದರೂ ಅರಣ್ಯ ಇಲಾಖೆ ತಾನೇ ಬೇಸಗೆಗೆ ಮೊದಲು ಪಟ್ಟಿಗಳನ್ನು ಸುಟ್ಟು ‘ಜಾಳರೇಷಾ’ಗಳನ್ನು ಸಿದ್ಧಪಡಿಸುತ್ತದೆ. ಉಪಗ್ರಹದ ಕಣ್ಣಿಗೂ ಎಲ್ಲ ಬೆಂಕಿ ಒಂದೇ. 2004ರಿಂದ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ ಉಪಗ್ರಹಗಳ ಆಧಾರದಿಂದ ಬೆಂಕಿಯ ಸೂಚನೆಗಳನ್ನು ರಾಜ್ಯಗಳಿಗೆ ಕಳಿಸುತ್ತಿದೆ. ಬೆಂಕಿ ಎಲ್ಲಿದೆಯೆಂದು ತಿಳಿಯಲು ಅದು ಅಮೂಲ್ಯ ಸಾಧನ. ಆದರೆ ಪರದೆಯ ಮೇಲಿನ ಕೆಂಪು ಚುಕ್ಕೆ, ಅದು ಜನವರಿಯ ತರಗುಬೆಂಕಿಯೋ ಕೈಮೀರಿದ ವಣವಾವೋ ಎಂಬುದನ್ನು ತಾನಾಗಿ ಹೇಳಲಾರದು.

ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ಅಭಯಾರಣ್ಯವಾದ ಮೇಲೆ ತರಗುಬೆಂಕಿ ನಿಂತಿತು. ಅದರಿಂದ ಲಂಟಾನ ಹಬ್ಬಿತು, ನೆಲ್ಲಿಯ ಮರಗಳ ಮೇಲೆ ಬೆಳೆಯುವ ‘ಉಪ್ಪಿಲು’ ಎಂಬ ಬಂದಳಿಕೆ ಹೆಚ್ಚಿತು ಎಂಬುದು ಸೋಲಿಗರ ವಿವರಣೆ. ವಿಜ್ಞಾನಿಗಳು ಇದನ್ನು ಗಂಭೀರವಾಗಿ ಎತ್ತಿಕೊಂಡು ಪರೀಕ್ಷಿಸಿದ್ದಾರೆ. ಬೆಂಕಿಯೇ ಲಂಟಾನಕ್ಕೆ ದಾರಿ ಮಾಡಿಕೊಡುತ್ತದೆ, ಲಂಟಾನ ಮತ್ತೆ ಬೆಂಕಿಯನ್ನು ಉಗ್ರಗೊಳಿಸುತ್ತದೆ ಎಂಬ ಇನ್ನೊಂದು ವಾದವನ್ನು ಅಂಕಿಲಾ ಹಿರೇಮಠ ಮತ್ತು ಭರತ್ ಸುಂದರಂ 2005ರಲ್ಲಿ ಮಂಡಿಸಿದರು. ಎರಡು ವಾದಗಳೂ ಒಂದು ಅಂಶದಲ್ಲಿ ಕೂಡುತ್ತವೆ: ಲಂಟಾನದ ದಟ್ಟಣೆ ಸೇರಿಕೊಂಡ ಕಾಡಿನಲ್ಲಿ ಬೀಳುವ ಬೆಂಕಿ ಹಳೆಯ ತರಗುಬೆಂಕಿಯಲ್ಲ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ನಾಲ್ಕು ಸಾವಿರ ಹೆಕ್ಟೇರ್‌ಗಿಂತ ಹೆಚ್ಚು ಕಾಡು ಸುಟ್ಟಾಗ ಇದರ ಭೀಕರತೆ ಎಲ್ಲರಿಗೂ ತಿಳಿಯಿತು.

ಬದಲಾಗುತ್ತಿರುವ ಕಾಲ

ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿ ಹಿಡಿದಿಟ್ಟುಕೊಳ್ಳಬಲ್ಲ ನೀರಾವಿಯ ಪ್ರಮಾಣ ಶೇಕಡಾ 7ರಷ್ಟು ಏರುತ್ತದೆ. ಮಳೆಗಾಲದಲ್ಲಿ ಇದು ಸುರಿಮಳೆಯ ರಭಸವನ್ನು ಹೆಚ್ಚಿಸುತ್ತದೆ. ಬೇಸಗೆಯಲ್ಲಿ ಅದೇ ಗಾಳಿ ತರಗೆಲೆಯಿಂದಲೂ ಹುಲ್ಲಿನಿಂದಲೂ ಇನ್ನಷ್ಟು ತೇವವನ್ನು ಹೀರುತ್ತದೆ. 2019ರ ಆಗಸ್ಟ್ ಮತ್ತು 2021ರ ಜುಲೈ ತಿಂಗಳ ಪ್ರವಾಹಗಳನ್ನು ಕಂಡ ಕೊಲ್ಹಾಪುರ, ಶಿರೋಳ, ಇಚಲಕರಂಜಿಗಳ ಜನರಿಗೆ ಮಳೆಯ ಅತಿರೇಕವನ್ನು ವಿವರಿಸಬೇಕಾಗಿಲ್ಲ. ಹೆಚ್ಚು ಮಳೆಯಾದ ವರ್ಷ ಗುಡ್ಡಗಳಲ್ಲಿ ಹುಲ್ಲು ಹುಲುಸಾಗಿ ಬೆಳೆದು ಮುಂದಿನ ಬೇಸಗೆಗೆ ಉರುವಲಾಗುತ್ತದೆ ಎಂಬುದು ಮಾತ್ರ ಸುಲಭವಾಗಿ ಗಮನಕ್ಕೆ ಬರುವುದಿಲ್ಲ. ನೆರೆಯೂ ಕಿಚ್ಚೂ ಒಂದೇ ಬದಲಾವಣೆಯ ಎರಡು ಮುಖಗಳು.

ಇದು ಘಟ್ಟದವರ ಚಿಂತೆ ಮಾತ್ರವಲ್ಲ. ಸಂಸ್ಥಾನದ ಕಾಲದಲ್ಲಿ ಬಯಲಿನ ಇಚಲಕರಂಜಿ ಮತ್ತು ಕಾಡಿನ ಆಜರಾ ಒಂದೇ ಜಹಗೀರಿಗೆ ಸೇರಿದ್ದವು. ಆಡಳಿತದ ಆ ನಂಟು ಕಡಿದರೂ ನೀರಿನ ನಂಟು ಉಳಿದಿದೆ. ರಾಧಾನಗರಿಯ ಭೋಗಾವತಿ ಪಂಚಗಂಗೆಯಾಗಿ ಇಚಲಕರಂಜಿಯ ಪಕ್ಕದಲ್ಲಿ ಹರಿಯುತ್ತದೆ. ಆಂಬೋಲಿಯ ಬಳಿ ಹುಟ್ಟಿದ ಹಿರಣ್ಯಕೇಶಿ ಆಜರಾ, ಗಡಹಿಂಗ್ಲಜಗಳನ್ನು ದಾಟಿ ಸಂಕೇಶ್ವರದತ್ತ ಸಾಗಿ ಘಟಪ್ರಭೆಯನ್ನು ಸೇರುತ್ತದೆ. ಮಳೆನೀರನ್ನು ಹಿಡಿದು ಬೇಸಗೆಯವರೆಗೆ ನಿಧಾನವಾಗಿ ಬಿಡುವ ಕಾಡು ಹುಲ್ಲಾಗಿ, ರಾನಮೋಡಿಯಾಗಿ ಬದಲಾದರೆ ಅದರ ಪರಿಣಾಮ ಗಡಿಯ ಎರಡೂ ಕಡೆ ತಟ್ಟುತ್ತದೆ.

ಮುಂದಿನ ದಾರಿ

ಮೇಲಿನ ವಿವೇಚನೆಯಿಂದ ಎರಡು ಅವಸರದ ತೀರ್ಮಾನಗಳು ಹೊರಡಬಹುದು. ಎಲ್ಲ ಬೆಂಕಿಯನ್ನೂ ನಿಷೇಧಿಸಬೇಕು ಎಂಬುದು ಒಂದು. ಸೋಲಿಗರಂತೆ ಎಲ್ಲೆಡೆ ಬೇಗನೆ ಸುಡಬೇಕು ಎಂಬುದು ಇನ್ನೊಂದು. ಎರಡೂ ಸಲ್ಲವು. ಎಲೆಯುದುರುವ ಕಾಡಿನ ತರಗುಬೆಂಕಿಯನ್ನು ರಾಧಾನಗರಿಯ ಅಂಜನಿ ಕಾಡಿಗೆ ಕೊಂಡೊಯ್ದರೆ ಅನಾಹುತವಾದೀತು. ಅಲ್ಲಿ ಬೆಂಕಿಯನ್ನು ಪೂರ್ತಿ ದೂರವಿಡುವುದೇ ಸರಿ. ಗಡಹಿಂಗ್ಲಜ, ಆಜರಾಗಳ ಹುಲ್ಲುಗುಡ್ಡಗಳಲ್ಲಿ ಬೇಸಗೆಯ ಆರಂಭದಲ್ಲಿಯೇ ಹುಲ್ಲು ಕೊಯ್ದು ಸಾಗಿಸುವುದು, ಇಲಾಖೆ ಮತ್ತು ಗ್ರಾಮಸಭೆಗಳು ಕೂಡಿ ಬೆಂಕಿ ರೇಖೆಗಳನ್ನು ನಿರ್ಧರಿಸುವುದು, ರವದಿಯನ್ನು ಸುಡದೆ ಗದ್ದೆಯಲ್ಲಿಯೇ ಗೊಬ್ಬರವಾಗಿಸುವುದು ಇವು ಸಾಧ್ಯವಾದ ಕ್ರಮಗಳು. ಯಾವ ನೆಲೆಗೆ ಯಾವ ಕ್ರಮ ಎಂಬುದನ್ನು ನಿರ್ಣಯಿಸಲು ಮಾತ್ರ ಸ್ಥಳದ ತಿಳಿವಳಿಕೆ ಬೇಕು.

ಆ ತಿಳಿವಳಿಕೆ ಇಂದು ಹಿರಿಯರ ಮಾತಿನಲ್ಲಿದೆ. ಗಡಹಿಂಗ್ಲಜದ ಕನ್ನಡ ಮನೆಗಳಲ್ಲಿ ಮಕ್ಕಳ ಓದು ಮರಾಠಿಗೋ ಇಂಗ್ಲಿಷಿಗೋ ಹೊರಳಿದಂತೆ, ಹೊಲ ಗುಡ್ಡಗಳ ಕೆಲಸ ಬಿಟ್ಟು ಅವರು ನಗರ ಸೇರಿದಂತೆ, ಮೊದಲು ಮರೆಯಾಗುವುದು ಇಂಥ ಶಬ್ದಗಳೇ. ಹುಲ್ಲಿನ ಹೆಸರು, ಒಣಗುವ ಹದದ ಹೆಸರು, ಬೆಂಕಿಯ ಬಗೆಗಳ ಹೆಸರು, ಸುಟ್ಟ ನೆಲದಲ್ಲಿ ಮೊದಲು ಚಿಗುರುವ ಗಿಡದ ಹೆಸರು ಇವನ್ನು ಕನ್ನಡ ಮತ್ತು ಮರಾಠಿಗಳಲ್ಲಿ ಅಕ್ಕಪಕ್ಕ ಬರೆದಿಡುವ ಕೆಲಸವನ್ನು ಈ ಪತ್ರಿಕೆಯ ಓದುಗರು ತಮ್ಮ ಊರುಗಳಲ್ಲಿಯೇ ಆರಂಭಿಸಬಹುದು. ಪ್ರತಿ ಶಬ್ದದ ಜೊತೆಗೆ ಹೇಳಿದವರ ಊರು, ಗುಡ್ಡದ ಹೆಸರು ಮತ್ತು ತಿಂಗಳನ್ನು ಗುರುತು ಹಾಕಿಕೊಂಡರೆ ಅದು ನಿಘಂಟಿಗೂ ಆಗುತ್ತದೆ, ಅರಣ್ಯವಿಜ್ಞಾನಕ್ಕೂ ಆಗುತ್ತದೆ. ಬಸ್ಸಿನಲ್ಲಿ ‘ಕಿಚ್ಚ ಬಿದ್ದೈತಿ’ ಎಂದ ವೃದ್ಧೆಯನ್ನು, ಅದು ಬೀಳಬೇಕಾದ ತಿಂಗಳು ಯಾವುದೆಂದು ಆ ದಿನ ನಾನು ಕೇಳಲಿಲ್ಲ. ಕೇಳಬೇಕಾಗಿತ್ತು.